ಕೂತಲ್ಲೇ ಸಾಯುವ ಬ್ಯಾಟರಿಗಳು

ಸಂಸೆಯಲ್ಲಿ ಮಳೆ ಹಿಡಿದರೆ ಸುಲಭಕ್ಕೆ ಬಿಡುವ ಜಾತಿಯದಲ್ಲ. ಜೂನ್‌ನಲ್ಲಿ ಶುರುವಾದರೆ ಸೆಪ್ಟೆಂಬರ್‌ವರೆಗೆ ಅದರದೇ ದರ್ಬಾರು. ಕಾಫಿಗೆ ಹೂವಿನ ನೀರು ಕೊಟ್ಟ ಡೀಸೆಲ್ ಪಂಪ್‌ಸೆಟ್ಟು ಫೆಬ್ರವರಿ, ಮಾರ್ಚ್ ಮುಗಿಸಿ ಆಗಲೇ ಟಾರ್ಪಾಲಿನಡಿ ಸೇರಿರುತ್ತದೆ. ಕುದುರೆಮುಖ ಹತ್ತುವವರನ್ನು ಮುಳ್ಳೋಡಿಗೆ ಹೊತ್ತೊಯ್ಯುವ ಜೀಪುಗಳೂ ಜಡಿಮಳೆಯಲ್ಲಿ ವಾರಗಟ್ಟಲೆ ಶೆಡ್ಡಿನಲ್ಲಿ ನಿಲ್ಲುತ್ತವೆ. ಚೌತಿ ಕಳೆದು ಬಿಸಿಲಿನ ಮುಖ ಕಂಡಮೇಲೆ ನನ್ನಂಥ ಆಟೋ ಎಲೆಕ್ಟ್ರಿಷಿಯನ್‌ಗಳಿಗೆ ಸುಗ್ಗಿ. ಅಂಗಡಿ ಮುಂದೆ ಬ್ಯಾಟರಿಗಳು ಸಾಲು ಹಿಡಿದು ಕೂರುತ್ತವೆ.

ಪ್ರತಿ ವರ್ಷ ಕೇಳುವ ಮಾತು ಒಂದೇ: ‘ಎಂತ ಮಾರಾಯ, ಮಳೆಗಾಲ ಇಡೀ ಇದನ್ನು ಮುಟ್ಟಲೇ ಇಲ್ಲ, ಆದರೂ ಹೋಯ್ತಲ್ಲ!’

ನನ್ನ ಉತ್ತರವೂ ಒಂದೇ: ‘ಮುಟ್ಟದೆ ಬಿಟ್ಟಿದ್ದಕ್ಕೇ ಹೋಗಿದ್ದು, ಗೌಡ್ರೇ.’

ದಿನಾ ಓಡುವ ಗಾಡಿಯ ಬ್ಯಾಟರಿ ವರ್ಷಗಟ್ಟಲೆ ಬಾಳುತ್ತದೆ. ಅದೇ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಒಂದು ಮಳೆಗಾಲ ಕೂರಿಸಿಟ್ಟರೆ ಮುಗಿಯಿತು. ಇದರ ಒಳಗುಟ್ಟು ಬಹಳ ಹಳೆಯದು. 1859ರಲ್ಲಿ ಫ್ರಾನ್ಸಿನ ಗಾಸ್ತೋ ಪ್ಲಾಂಟೆ ಮಾಡಿ ತೋರಿಸಿದ ವಿದ್ಯೆಯೇ ಇವತ್ತಿನ ಜೀಪಿನಲ್ಲೂ ಇರುವುದು. ಒಂದು ಸೀಸದ ಪ್ಲೇಟು, ಇನ್ನೊಂದು ಸೀಸದ ಡೈಆಕ್ಸೈಡಿನ ಪ್ಲೇಟು, ನಡುವೆ ನೀರು ಬೆರೆಸಿದ ಸಲ್ಫ್ಯೂರಿಕ್ ಆಸಿಡ್. ಇಂಥ ಒಂದು ಸೆಲ್ಲಿಗೆ 2 ವೋಲ್ಟ್, ಆರು ಸೇರಿದರೆ 12. ಬ್ಯಾಟರಿ ಕರೆಂಟು ಕೊಡುವಾಗ ಎರಡೂ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಕರಗಿ ಹೋಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ, ಡಬ್ಬಿಯ ತಳದಲ್ಲಿ ಜೋನಿ ಬೆಲ್ಲ ಹರಳುಗಟ್ಟುವ ಹಾಗೆ ಗಟ್ಟಿಯಾಗಿ ಪ್ಲೇಟನ್ನೇ ಮುಚ್ಚಿಬಿಡುತ್ತದೆ. ಆಮೇಲೆ ಎಷ್ಟು ಚಾರ್ಜ್ ಹಾಕಿದರೂ ಪೂರ್ತಿ ವಾಪಸು ಬರುವುದಿಲ್ಲ.

‘ಬಳಸಲೇ ಇಲ್ಲವಲ್ಲ, ಚಾರ್ಜ್ ಎಲ್ಲಿಗೆ ಹೋಯ್ತು?’ ಎಂದರೆ ಅದಕ್ಕೆ ಮೂರು ದಾರಿ. ಮೊದಲನೆಯದು ಬ್ಯಾಟರಿಯ ಸ್ವಭಾವ. ಕ್ಯಾಲ್ಸಿಯಂ ಬೆರೆಸಿದ ಈಗಿನ ಬ್ಯಾಟರಿಗಳು ತಿಂಗಳಿಗೆ ಶೇ 3ರಿಂದ 5ರಷ್ಟು ತಾವಾಗಿಯೇ ಇಳಿಯುತ್ತವೆ. ಆಂಟಿಮನಿ ಬೆರೆಸಿದ ಹಳೆ ಮಾದರಿಯವು ಇನ್ನೂ ಬೇಗ. ಎರಡನೆಯದು ಗಾಡಿಯೊಳಗಿನ ಕಳ್ಳಬಾಯಿಗಳು: ಗಡಿಯಾರ, ಇಮ್ಮೊಬಿಲೈಸರ್, ಜಿಪಿಎಸ್. ಇವೆಲ್ಲ ಸೇರಿ ಬರೀ 30 ಮಿಲಿಆಂಪಿಯರ್ ಎಳೆದರೂ ತಿಂಗಳಿಗೆ ಸುಮಾರು 22 ಆಂಪಿಯರ್-ಅವರ್ ಖರ್ಚು. 45ರ ಬ್ಯಾಟರಿಯಾದರೆ ಅರ್ಧ ಖಾಲಿ. ಹಳೆ ಜೀಪುಗಳಿಗೆ ಈ ಕಾಟವಿಲ್ಲ. ಅವಕ್ಕೆ ನೆಗೆಟಿವ್ ವಯರು ಕಳಚಿಟ್ಟರೆ ಅರ್ಧ ಕೆಲಸ ಆದಂತೆ.

ಮೂರನೆಯದು ನಮ್ಮ ಮಲೆನಾಡಿನ ವಿಶೇಷ, ತೇವ. ಬ್ಯಾಟರಿ ತಲೆಯ ಮೇಲೆ ಧೂಳು, ಆಸಿಡ್ಡಿನ ಪಸೆ, ಅದರ ಮೇಲೆ ಮಳೆಗಾಲದ ಹಸಿ. ಇಷ್ಟು ಸೇರಿದರೆ ಎರಡು ಟರ್ಮಿನಲ್ ನಡುವೆ ಮೆಲ್ಲಗೆ ಕರೆಂಟು ಹರಿಯಲು ದಾರಿಯಾಗುತ್ತದೆ. ನಂಬದವರಿಗೆ ನಾನು ಅಂಗಡಿಯಲ್ಲೇ ತೋರಿಸುತ್ತೇನೆ. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ನೆಗೆಟಿವ್ ಟರ್ಮಿನಲ್‌ಗೆ ಇಟ್ಟು, ಕೆಂಪು ಕಡ್ಡಿಯನ್ನು ಟರ್ಮಿನಲ್ ಬಿಟ್ಟು ಪ್ಲಾಸ್ಟಿಕ್ ಮುಚ್ಚಳದ ಮೇಲೆ ಎಳೆಯುತ್ತ ಹೋಗುವುದು. ಪ್ಲಾಸ್ಟಿಕ್ ಮೇಲೆ ಏನೂ ತೋರಿಸಬಾರದು. ಕೊಳೆಯಾದ ಬ್ಯಾಟರಿಯಾದರೆ ಅಲ್ಲೇ ಒಂದು, ಎರಡು, ಮೂರು ವೋಲ್ಟ್ ಏರುತ್ತ ಹೋಗುತ್ತದೆ. ಅಡುಗೆ ಸೋಡಾ ಕದಡಿದ ನೀರಿನಲ್ಲಿ ಬಟ್ಟೆ ಅದ್ದಿ, ಸೆಲ್ಲಿನೊಳಗೆ ಒಂದು ಹನಿಯೂ ಇಳಿಯದ ಹಾಗೆ ಒರೆಸಿ, ಒಣಗಿಸಿ, ಟರ್ಮಿನಲ್‌ಗೆ ವ್ಯಾಸಲಿನ್ ಸವರಿದರೆ ಮೀಟರು ಸೊನ್ನೆಗೆ ಬರುತ್ತದೆ. ಬಿಡಿಕಾಸು ಖರ್ಚಿಲ್ಲದ ಕೆಲಸ.

ಈ ಸೋರಿಕೆಯನ್ನು ತುಂಬಿಕೊಡುವ ಪುಟ್ಟ ಯಂತ್ರವೇ ಬ್ಯಾಟರಿ ಮೇಂಟೇನರ್. ನಮ್ಮ ಅಂಗಡಿಯ ದೊಡ್ಡ ಚಾರ್ಜರ್ ಖಾಲಿ ಬ್ಯಾಟರಿಯನ್ನು ತುಂಬುವುದಕ್ಕೆ, ಮೇಂಟೇನರ್ ತುಂಬಿದ ಬ್ಯಾಟರಿಯನ್ನು ತುಂಬಿದ ಹಾಗೇ ಇಡುವುದಕ್ಕೆ. ಸಾಮಾನ್ಯವಾಗಿ ಒಂದೆರಡು ಆಂಪಿಯರ್ ಶಕ್ತಿಯದು. ಮೊದಲು ಬ್ಯಾಟರಿಯನ್ನು 14.4 ವೋಲ್ಟಿನ ಆಸುಪಾಸಿಗೆ ಏರಿಸಿ ತುಂಬುತ್ತದೆ, ಆಮೇಲೆ ತಾನೇ 13.5 ಇಲ್ಲವೇ 13.6ಕ್ಕೆ ಇಳಿದು ಕಾಯುತ್ತ ಕೂರುತ್ತದೆ. ಚಾರ್ಜ್ ಎಷ್ಟು ಇಳಿಯುತ್ತದೋ ಅಷ್ಟನ್ನೇ ಸೇರಿಸುತ್ತದೆ. ಹಿಂದಿನ ಕಾಲದ ಟ್ರಿಕಲ್ ಚಾರ್ಜರ್‌ಗಳಿಗೆ ಈ ಬುದ್ಧಿ ಇರಲಿಲ್ಲ. ಬ್ಯಾಟರಿ ತುಂಬಿದ ಮೇಲೂ ಕರೆಂಟು ನೂಕುತ್ತಲೇ ಇರುತ್ತಿದ್ದವು. ನೀರು ಕುದಿದು ಆರಿ, ಪ್ಲೇಟು ಸವೆದು, ಉಳಿಸಲು ಇಟ್ಟ ಯಂತ್ರವೇ ಬ್ಯಾಟರಿಯನ್ನು ತಿನ್ನುತ್ತಿತ್ತು.

ವಿದೇಶಗಳಲ್ಲಿ ಇವು ಹೆಚ್ಚಾಗಿ ಬಳಕೆಯಾಗುವುದು ಹಿಮ ಬೀಳುವ ತಿಂಗಳುಗಳಲ್ಲಿ ಬೈಕನ್ನು ಮೂಲೆಗಿಡುವವರಿಗೆ. ಅಲ್ಲಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಮರೆತರೆ ಆಯಿತು. ನಮ್ಮಲ್ಲಿ ಗಾಡಿ ಮೂಲೆಗೆ ಸೇರುವ ಕಾಲಕ್ಕೇ ಮರ ಬಿದ್ದು ಲೈನು ಹರಿದು ಕರೆಂಟೂ ಹೋಗುತ್ತದೆ. ಆದ್ದರಿಂದ ಸಂಸೆಯಲ್ಲಿ ಮೇಂಟೇನರ್ ಕೊಳ್ಳುವವರು ಡಬ್ಬಿ ಮೇಲಿನ ಬಣ್ಣದ ಮಾತು ಬಿಟ್ಟು ಎರಡು ಪ್ರಶ್ನೆ ಕೇಳಬೇಕು. ಕರೆಂಟು ಹೋಗಿ ಬಂದಮೇಲೆ ಅದು ತಾನಾಗಿ ಶುರುವಾಗುತ್ತದೋ, ಅಥವಾ ಬಟನ್ ಒತ್ತುವವರೆಗೆ ಸುಮ್ಮನೆ ಕಾಯುತ್ತದೋ? ಕರೆಂಟು ಇಲ್ಲದಾಗ ಬ್ಯಾಟರಿಯಿಂದ ತಾನೇ ಎಷ್ಟು ಎಳೆಯುತ್ತದೆ? ಬಟನ್ ಕಾಯುವ ಮಾದರಿ ನಮ್ಮ ಊರಿಗಲ್ಲ. ಕರೆಂಟು ಹೋದಾಗ ಹಿಂದಕ್ಕೆ ಎಳೆಯುವ ಮಾದರಿಯಂತೂ ಬೇಡವೇ ಬೇಡ.

ಕರೆಂಟಿನ ವಿಷಯದಲ್ಲಿ ನಮ್ಮ ಕಡೆ ಒಂದು ಅನುಕೂಲವೂ ಇದೆ. ಇಲ್ಲಿನ ಎಷ್ಟೋ ಒಂಟಿಮನೆಗಳಲ್ಲಿ ಗುಡ್ಡದ ಹಳ್ಳದಿಂದ ಪೈಪಿನಲ್ಲಿ ನೀರಿಳಿಸಿ ತಿರುಗಿಸುವ ಪಿಕೋ ಹೈಡ್ರೋ ಟರ್ಬೈನುಗಳಿವೆ. ಸೋಲಾರ್ ಪ್ಯಾನೆಲ್ ಆಷಾಢದ ಮೋಡದಡಿ ಮಂಕು ಹಿಡಿದು ಕೂತಾಗ, ಲೈನು ಮಲಗಿದಾಗ, ಹಳ್ಳ ತುಂಬಿ ಹರಿಯುತ್ತಿರುತ್ತದೆ. ಒಂದು ಆಂಪಿಯರಿನ ಮೇಂಟೇನರಿಗೆ ಬೇಕಾದದ್ದು ಸಣ್ಣ ಎಲ್‌ಇಡಿ ಬಲ್ಬಿಗಿಂತ ಸ್ವಲ್ಪ ಹೆಚ್ಚು ವಿದ್ಯುತ್ ಅಷ್ಟೆ. ಪಿಕೋದ ವೋಲ್ಟೇಜು ಏರಿಳಿಯುತ್ತದೆ ಎಂದು ಹೆದರುವವರಿಗೆ ಒಂದು ಮಾತು: 100ರಿಂದ 240 ವೋಲ್ಟ್‌ವರೆಗೆ ತಡೆಯುತ್ತದೆ ಎಂದು ಬರೆದ ಮಾದರಿ ಆರಿಸಿಕೊಳ್ಳಿ, ಟರ್ಬೈನಿನ ಲೋಡ್ ಕಂಟ್ರೋಲರ್ ಸರಿಯಾಗಿದೆಯೇ ನೋಡಿಕೊಳ್ಳಿ. ಗುಡುಗು ಮಿಂಚಿನ ಸಂಜೆ ಮಾತ್ರ ಪ್ಲಗ್ ಕಿತ್ತಿಡುವುದು ಕ್ಷೇಮ.

ಹಾಗೆಂದು ಎಲ್ಲ ಬ್ಯಾಟರಿಗೂ ಮೇಂಟೇನರ್ ಬೇಕಿಲ್ಲ. ಮನೆಯ ಇನ್ವರ್ಟರು ತಾನೇ ಈ ಕೆಲಸ ಮಾಡುತ್ತದೆ. ಅದರ ತೊಂದರೆ ಬೇರೆ: ಮೂರು ದಿನ ಕರೆಂಟಿಲ್ಲದೆ ತಳ ಕಂಡ ಬ್ಯಾಟರಿಗೆ ಒಂದು ಗಂಟೆ ಕರೆಂಟು ಬಂದ ಕೂಡಲೇ ಟಿವಿ, ಫ್ಯಾನು ಎಲ್ಲ ಶುರು. ಮತ್ತೆ ಕರೆಂಟು ಹೋದರೆ ಅದರ ಮೇಲೇ ಎಳೆತ. ಲೈನು ಸರಿಯಾದ ಮೇಲೆ ಒಂದು ರಾತ್ರಿ ಪೂರ್ತಿ ಚಾರ್ಜ್ ಆಗಲು ಬಿಡಿ, ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ. ‘ಮಳೆನೀರು ಶುದ್ಧ ತಾನೇ?’ ಎಂದು ಹಂಚು, ಶೀಟಿನಿಂದ ಇಳಿದ ನೀರು ಹಾಕುವವರಿದ್ದಾರೆ. ಅದರಲ್ಲಿ ಪಾಚಿ, ಧೂಳು, ಶೀಟಿನ ಲೋಹ ಎಲ್ಲ ಇರುತ್ತದೆ, ಹಾಕಬೇಡಿ. ನೀರು ಕಡಿಮೆಯಾದರೆ ನೀರೇ ಹಾಕಬೇಕು, ಆಸಿಡ್ ಅಲ್ಲ.

ಔಷಧಿ ಹೊಡೆಯುವ ಬೆನ್ನಿನ ಸ್ಪ್ರೇಯರಿನ ಪುಟ್ಟ ಬ್ಯಾಟರಿಗೆ ಅದರದೇ ಚಾರ್ಜರ್ ಸಾಕು, ಕೆಲಸ ಮುಗಿದ ದಿನವೇ ತುಂಬಿಸಿ, ಎರಡು ತಿಂಗಳಿಗೊಮ್ಮೆ ನೆನಪು ಮಾಡಿಕೊಳ್ಳಿ. ಕಾಟಿ, ಹಂದಿ ತಡೆಯುವ ಸೋಲಾರ್ ಬೇಲಿಯ ಬ್ಯಾಟರಿ ಮಳೆಗಾಲದಲ್ಲಿ ಹಸಿದೇ ಇರುತ್ತದೆ, ಅದನ್ನು ಆಗಾಗ ಮನೆಗೆ ತಂದು ತುಂಬಿಸಬೇಕು. ಮೇಂಟೇನರ್ ನಿಜವಾಗಿ ಬೇಕಾದದ್ದು ಪಂಪ್‌ಸೆಟ್ಟಿಗೆ ಮತ್ತು ಎಲೆಕ್ಟ್ರಾನಿಕ್ಸ್ ತುಂಬಿದ ಹೊಸ ಗಾಡಿಗಳಿಗೆ. ದಿನಾ ಬೆಳಗ್ಗೆ ಹತ್ತು ನಿಮಿಷ ಎಂಜಿನ್ ಓಡಿಸಿದರೆ ಸಾಕಲ್ಲವೇ ಎನ್ನುತ್ತಾರೆ. ಸಾಲದು. ಕೊನೆಯ ಶೇ 20ರಷ್ಟು ತುಂಬಲು ಬ್ಯಾಟರಿ ಗಂಟೆಗಟ್ಟಲೆ ಹೊತ್ತು ಕೇಳುತ್ತದೆ.

ಒಂದು ವಾರ ಬಿಟ್ಟು ಒಂದು ವಾರ ಮೀಟರು ಹಿಡಿದು ನೋಡುವ ಅಭ್ಯಾಸ ಇದ್ದವರಿಗೆ ಲೆಕ್ಕ ಸುಲಭ. ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.6 ಅಥವಾ ಮೇಲೆ ತೋರಿಸಿದರೆ ಪೂರ್ತಿ, 12.4 ಮುಕ್ಕಾಲು, 12.2 ಅರ್ಧ. 12.4ಕ್ಕೆ ಇಳಿಯುವ ಮೊದಲೇ ಚಾರ್ಜಿಗೆ ಹಾಕುವವರಿಗೆ ಮೇಂಟೇನರಿನ ಹಂಗೇ ಇಲ್ಲ. ಯಾವುದರಲ್ಲಿ ಹಾಕಿದರೂ ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ ಶೇ 4ರಷ್ಟು ಸೇರಿದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಕಾಫಿ ಚೀಲ ತುಂಬಿದ ಮುಚ್ಚಿದ ಕೋಣೆ ಚಾರ್ಜಿಗೆ ಹಾಕುವ ಜಾಗವಲ್ಲ.

ಸತ್ತ ಬ್ಯಾಟರಿಯನ್ನು ಮೇಂಟೇನರ್ ಬದುಕಿಸುತ್ತದೆ ಎಂಬ ಆಸೆಯೂ ಬೇಡ. ನಿಧಾನ ಚಾರ್ಜ್ ಹಾಕಿ, ರಾತ್ರಿ ಬಿಟ್ಟು, ಬೆಳಗ್ಗೆ ಎಂಜಿನ್ ತಿರುಗಿಸುವಾಗ 9.6 ವೋಲ್ಟಿಗಿಂತ ಕೆಳಗೆ ಬಿದ್ದರೆ, ಅಥವಾ ಹೈಡ್ರೋಮೀಟರಿನಲ್ಲಿ ಐದು ಸೆಲ್ಲು ಒಂದು ಹೇಳಿ ಆರನೆಯದು ಬೇರೆಯೇ ಹೇಳಿದರೆ, ನಾನು ಬದಲಾಯಿಸಿ ಎಂದೇ ಹೇಳುತ್ತೇನೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ವಾಪಸು ಪಡೆದು ಮರುಬಳಕೆಗೆ ಕಳಿಸುವುದು ತಯಾರಕರ ಹೊಣೆ. ಹೊಸದು ಕೊಳ್ಳುವಾಗ ಅಂಗಡಿಗೇ ಕೊಟ್ಟರೆ ಬೆಲೆಯಲ್ಲೂ ಕಡಿತ ಸಿಗುತ್ತದೆ. ಆಸಿಡ್ ಚೆಲ್ಲಿ ತನ್ನಿ, ತೂಕಕ್ಕೆ ತಗೊಳ್ತೇನೆ ಎನ್ನುವ ಗುಜರಿಯವರಿಗೆ ಮಾತ್ರ ಕೊಡಬೇಡಿ. ಸೀಸ ಬೆರೆತ ಆ ಆಸಿಡ್ ನಿಮ್ಮ ತೋಟದ ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಭದ್ರೆಗೆ ಇಳಿಯುತ್ತದೆ. ಕೆಳಗಿನ ಊರಿನವರು ಕುಡಿಯುವುದೂ ಅದೇ ನೀರು.