ಹೊರರೋಗಿಯ ಮಾತ್ರೆಯೂ ರಕ್ತಪರೀಕ್ಷೆಯೂ

ಮನೋರೋಗದ ಚಿಕಿತ್ಸೆ ಎಂದೊಡನೆ ಎತ್ತರದ ಗೋಡೆಯ ಆಸ್ಪತ್ರೆಯನ್ನು ನೆನೆಯುವವರು ಈಗಲೂ ಉಂಟು. ವಾಸ್ತವದಲ್ಲಿ ಬಹುಪಾಲು ರೋಗಿಗಳು ಮನೆಯಲ್ಲಿಯೇ ಇದ್ದು, ಆಗಾಗ ವೈದ್ಯರನ್ನು ಕಂಡು ಬರುವ ಹೊರರೋಗಿಗಳು. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿಯಿತ್ತು ಈ ಚಿಕಿತ್ಸೆಯನ್ನು ಹಳ್ಳಿಗಳ ಬಳಿಗೆ ಒಯ್ದಿತು; ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಒಳರೋಗಿಯನ್ನು ದಾದಿಯರು ಹಗಲಿರುಳು ನೋಡುತ್ತಿರುತ್ತಾರೆ. ಸಾಸ್ತಾನದಿಂದ ಕುಂದಾಪುರಕ್ಕೋ ಮಣಿಪಾಲಕ್ಕೋ ಹೋಗಿ ಮಾತ್ರೆ ತಂದವನನ್ನು ನೋಡುವವರಾರು? ಹೊರರೋಗಿ ಚಿಕಿತ್ಸಾಲಯದ ಗುಣಮಟ್ಟವನ್ನು ಅಳೆಯಬೇಕಾದುದು ಈ ಪ್ರಶ್ನೆಯಿಂದ. ಲಿಥಿಯಂ ಇದಕ್ಕೆ ಒಳ್ಳೆಯ ನಿದರ್ಶನ.

ಉನ್ಮಾದವನ್ನು ಈ ಲೋಹದ ಲವಣವು ಶಮನಗೊಳಿಸುವುದೆಂದು ಆಸ್ಟ್ರೇಲಿಯದ ಜಾನ್ ಕೇಡ್ 1949ರಲ್ಲಿ ತೋರಿಸಿದನು. ಅದೇ ವರ್ಷ ಅಮೆರಿಕದಲ್ಲಿ, ಅಡುಗೆಯುಪ್ಪಿಗೆ ಬದಲಾಗಿ ಲಿಥಿಯಂ ಕ್ಲೋರೈಡನ್ನು ಬಳಸಿದ ರೋಗಿಗಳಲ್ಲಿ ಕೆಲವರು ವಿಷವೇರಿ ಸತ್ತರು. ಮದ್ದಿಗೂ ವಿಷಕ್ಕೂ ನಡುವಣ ಅಂತರ ಅಷ್ಟು ಕಿರಿದು. ಒಂದು ಲೀಟರು ರಕ್ತದ್ರವದಲ್ಲಿ ಸಾಮಾನ್ಯವಾಗಿ 0.6ರಿಂದ 1.0 ಮಿಲಿಮೋಲ್ ಇದ್ದರೆ ಗುಣಕಾರಿ, 1.5ನ್ನು ದಾಟಿದರೆ ವಾಂತಿ, ಒರಟು ಕೈನಡುಕ, ತೂರಾಟ. ಇನ್ನೂ ಏರಿದರೆ ಪ್ರಾಣಾಪಾಯ.

ಮೂತ್ರಪಿಂಡವು ಲಿಥಿಯಮನ್ನು ಬಹುಮಟ್ಟಿಗೆ ಸೋಡಿಯಮಿನಂತೆಯೇ ಕಾಣುತ್ತದೆ. ದೇಹದಲ್ಲಿ ಉಪ್ಪೂ ನೀರೂ ಕಡಿಮೆಯಾದಾಗ ಅದು ಸೋಡಿಯಮನ್ನು ಹಿಡಿದಿಡುವುದು, ಜತೆಗೆ ಲಿಥಿಯಮನ್ನೂ. ಆದುದರಿಂದ ಕರಾವಳಿಯ ಮೇ ತಿಂಗಳ ಸೆಕೆಯಲ್ಲಿ ದೋಣಿಯ ಮೇಲೆ ಬೆವರು ಸುರಿಸುವವನಿಗೆ, ವಾಂತಿಭೇದಿ ಹತ್ತಿದವನಿಗೆ, ಗಂಜಿಯ ಉಪ್ಪನ್ನು ಒಮ್ಮೆಗೇ ಬಿಟ್ಟವನಿಗೆ, ನಿನ್ನೆಯ ಸರಿಯಾದ ಪ್ರಮಾಣವೇ ಇಂದು ಅತಿಯಾಗಬಹುದು. ಮಂಡಿನೋವಿಗೆಂದು ಅಂಗಡಿಯಿಂದ ತಂದ ಐಬುಪ್ರೊಫೇನ್ ಮಾತ್ರೆಯೂ ರಕ್ತದ ಲಿಥಿಯಮನ್ನು ಏರಿಸಬಲ್ಲುದು. ಇದನ್ನೆಲ್ಲ ರೋಗಿಗೆ ಅವನ ಮಾತಿನಲ್ಲಿ ತಿಳಿಸದ ಚಿಕಿತ್ಸಾಲಯದಲ್ಲಿ ಎಷ್ಟು ಉಪಕರಣಗಳಿದ್ದರೇನು!

ಹಾಗೆಂದು ಹೆದರಿ ತಾನಾಗಿ ಮಾತ್ರೆ ನಿಲ್ಲಿಸುವುದೂ ಸಲ್ಲದು. ರೋಗ ಮರುಕಳಿಸುವುದುಂಟು, ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವ ಮದ್ದುಗಳಲ್ಲಿ ಲಿಥಿಯಂ ಮುಖ್ಯವಾದುದು.

ಚಿಕಿತ್ಸೆಗೆ ಮುನ್ನ ಮೂತ್ರಪಿಂಡ, ಥೈರಾಯ್ಡ್‌ಗಳ ಪರೀಕ್ಷೆಯಾಗಬೇಕು. ಪ್ರಮಾಣ ಬದಲಿಸಿದ ಸುಮಾರು ವಾರದ ಬಳಿಕ, ಅನಂತರ ಮೂರರಿಂದ ಆರು ತಿಂಗಳಿಗೊಮ್ಮೆ ರಕ್ತವನ್ನು ನೋಡಬೇಕು. ಅದೂ ಕೊನೆಯ ಮಾತ್ರೆ ನುಂಗಿದ 12 ಗಂಟೆಗಳಿಗೆ. ಬೆಳಗಿನ ಮಾತ್ರೆ ನುಂಗಿ ಬಂದವನ ಅಂಕಿ ವೈದ್ಯರನ್ನು ದಾರಿ ತಪ್ಪಿಸುತ್ತದೆ.

ಗೊತ್ತಾದ ದಿನ ರೋಗಿ ಬಾರದಿದ್ದರೆ? ವಹಿಯಲ್ಲಿ ಗುರುತು ಹಾಕಿ ಸುಮ್ಮನಾಗುವುದು ಸಾಲದು, ವಿಚಾರಿಸಬೇಕು. ಆದರೆ ದೂರವಾಣಿಯ ಕರೆ ಹೋಗಬೇಕಾದುದು ರೋಗಿಗೆ, ಇಲ್ಲವೆ ಆತನೇ ಹೆಸರಿಸಿದ ಬಂಧುವಿಗೆ. ಊರಿನ ಪರಿಚಿತ ಅಂಗಡಿಯವನಿಗಲ್ಲ. ಕಾಯಿಲೆಯ ಗುಟ್ಟು ಕಾಯುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆಯು ರೋಗಿಯ ಹಕ್ಕೆಂದೇ ವಿಧಿಸಿದೆ.