ಮುದ್ರಿತ ಬೆಲೆಯ ಮೇಲಿನ ಹಣ: ಸೀಮಿತ ಆವೃತ್ತಿಯ ಕಾರುಗಳ ಪ್ರೀಮಿಯಂ ಮತ್ತು ಮರುಮಾರಾಟದ ಲೆಕ್ಕ

ಬಹಳ ವರ್ಷಗಳಿಂದ ನನ್ನಲ್ಲಿ ಲೆಕ್ಕಪತ್ರಗಳ ಪರಿಶೋಧನೆ ಮಾಡಿಸುತ್ತಿರುವ ದಾವಣಗೆರೆಯ ಮಂಡಿ ವರ್ತಕರೊಬ್ಬರು ಇತ್ತೀಚೆಗೆ ಒಂದು ವಿಚಿತ್ರ ಪ್ರಶ್ನೆಯೊಂದಿಗೆ ಬಂದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಉದ್ಯೋಗದಲ್ಲಿರುವ ಅವರ ಮಗ, ಸೀಮಿತ ಸಂಖ್ಯೆಯಲ್ಲಿ ತಯಾರಾದ ಸ್ಪೋರ್ಟ್ಸ್ ಕಾರೊಂದನ್ನು ಕೊಳ್ಳಲು ಹೊರಟಿದ್ದನು. ಕಂಪನಿಯು ಸೂಚಿಸಿದ ಬೆಲೆಯ ಮೇಲೆ ಡೀಲರು 50,000 ಡಾಲರ್ ಹೆಚ್ಚಾಗಿ ಕೇಳಿದ್ದನು. ಮುಂದೆ ಮಾರುವಾಗ ಅದು ಹೇಗೂ ಕೈಗೆ ಬರುತ್ತದೆ ಎಂಬುದು ಮಗನ ವಾದ. ತಂದೆಯ ಪ್ರಶ್ನೆ ಮಾತ್ರ ನೇರವಾಗಿತ್ತು: "ಸಾರ್, ಈ ಹೆಚ್ಚಿನ ಹಣವನ್ನು ಬಂಡವಾಳ ಅನ್ನಬೇಕೋ, ಖರ್ಚು ಅನ್ನಬೇಕೋ?"

ನಮ್ಮ ಸದಸ್ಯರಲ್ಲಿ ಇಂತಹ ಕಾರು ಕೊಳ್ಳುವವರು ವಿರಳ. ಆದರೂ ಅಭಾವವಿರುವ ವಸ್ತುವಿಗೆ ಹೆಚ್ಚಿನ ಹಣ ತೆತ್ತು, ಮರುಮಾರಾಟದಲ್ಲಿ ಅದನ್ನು ವಸೂಲು ಮಾಡಬಹುದೆಂಬ ನಂಬಿಕೆಯು ಎಲ್ಲ ವ್ಯಾಪಾರಗಳಿಗೂ ಸಂಬಂಧಿಸಿದ್ದು. ಆದುದರಿಂದ ಈ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಪರಿಶೀಲಿಸಲಾಗಿದೆ.

ಹೆಚ್ಚುವರಿ ಬೆಲೆ ಹೇಗೆ ಹುಟ್ಟುತ್ತದೆ?

ನಮ್ಮಲ್ಲಿ ಪೊಟ್ಟಣ ಕಟ್ಟಿದ ಸರಕಿನ ಮೇಲೆ ಮುದ್ರಿಸುವ ಎಂ.ಆರ್.ಪಿ. ಎಂಬುದು ಗರಿಷ್ಠ ಬೆಲೆ. ಅದಕ್ಕಿಂತ ಹೆಚ್ಚು ವಸೂಲು ಮಾಡುವುದು ಅಪರಾಧ. ಅಮೆರಿಕದಲ್ಲಿ ಹೊಸ ಕಾರಿನ ಗಾಜಿನ ಮೇಲೆ ಅಂಟಿಸುವ ಬೆಲೆಪಟ್ಟಿ ಬೇರೆ ಬಗೆಯದು. 1958ರ ಕಾನೂನಿನ ಮೇರೆಗೆ ಆ ಪಟ್ಟಿ ಕಡ್ಡಾಯವಾಗಿದ್ದು, ಅದರಲ್ಲಿ ತಯಾರಕರು ಸೂಚಿಸುವ ಚಿಲ್ಲರೆ ಬೆಲೆಯನ್ನು ತೋರಿಸಲಾಗುತ್ತದೆ. ಇಲ್ಲಿ 'ಸೂಚಿಸುವ' ಎಂಬ ಪದವೇ ಮುಖ್ಯ. ಡೀಲರು ಸ್ವತಂತ್ರ ವ್ಯಾಪಾರಿ. ಕಾರನ್ನು ಕಂಪನಿಯಿಂದ ಖರೀದಿಸಿ ತನ್ನ ಹೆಸರಿನಲ್ಲಿ ಮಾರುತ್ತಾನೆ. ಹಲವು ರಾಜ್ಯಗಳ ಕಾನೂನುಗಳ ಪ್ರಕಾರ, ಡೀಲರುಗಳ ಮೂಲಕ ಮಾರುವ ಕಂಪನಿಗಳು ಗ್ರಾಹಕರಿಗೆ ನೇರವಾಗಿ ಮಾರುವಂತಿಲ್ಲ. ಹೀಗಾಗಿ ಬೇಡಿಕೆ ಹೆಚ್ಚಿ ಸರಬರಾಜು ಕಡಿಮೆಯಾದಾಗ, ಡೀಲರು ಕಂಪನಿಯ ಪಟ್ಟಿಯ ಪಕ್ಕದಲ್ಲಿ 'ಮಾರುಕಟ್ಟೆ ಹೊಂದಾಣಿಕೆ' ಎಂಬ ತನ್ನದೇ ಚೀಟಿಯನ್ನು ಅಂಟಿಸಿ ಬೆಲೆ ಏರಿಸುತ್ತಾನೆ. ಇದು ಕಾನೂನುಬಾಹಿರವಲ್ಲ.

ಆದರೆ ಈ ಹೆಚ್ಚುವರಿಯಿಂದ ಕಾರಿಗೆ ಒಂದು ಬೋಲ್ಟೂ ಅಧಿಕವಾಗಿ ಸೇರುವುದಿಲ್ಲ. ನಾಳೆ ಈ ಕಾರಿನ ಬೆಲೆ ಏರಬಹುದೆಂಬ ನಿರೀಕ್ಷೆಯ ಲಾಭವನ್ನು ಡೀಲರು ಇಂದೇ ನಗದಾಗಿ ಪಡೆಯುತ್ತಾನೆ. ಆ ನಿರೀಕ್ಷೆ ಸುಳ್ಳಾದರೆ ಬರುವ ನಷ್ಟ ಮಾತ್ರ ಕೊಂಡವನ ಪಾಲಿಗೆ ಉಳಿಯುತ್ತದೆ. ಪ್ರೀಮಿಯಂ ವ್ಯವಹಾರದ ತಿರುಳು ಇಷ್ಟೇ.

ಒಂದು ಮಾದರಿ ಲೆಕ್ಕ

ಉದಾಹರಣೆಗಾಗಿ ಕೆಳಕಂಡ ಅಂಕಿಗಳನ್ನು ಇಟ್ಟುಕೊಳ್ಳೋಣ. ಸೂಚಿತ ಬೆಲೆ 1,50,000 ಡಾಲರ್; ಪ್ರೀಮಿಯಂ 50,000 ಡಾಲರ್. ಮಾರಾಟ ತೆರಿಗೆಯನ್ನು ಶೇ. 8 ಎಂದು ಹಿಡಿದರೆ, ಅದು ಪ್ರೀಮಿಯಂ ಸೇರಿದ ಒಟ್ಟು ಬೆಲೆಯ ಮೇಲೆ ಬೀಳುವುದರಿಂದ 16,000 ಡಾಲರ್ ಆಗುತ್ತದೆ. ಅಲ್ಲಿಗೆ ಹೂಡಿದ ಮೊತ್ತ 2,16,000. ಮೂರು ವರ್ಷ ಇಟ್ಟುಕೊಂಡರೆ, ಶೇ. 6ರ ಸರಳ ಬಡ್ಡಿಯಂತೆ ಕಳೆದುಕೊಂಡ ಆದಾಯ 38,880. ವಿಮೆ, ನಿಲುಗಡೆ, ನಿರ್ವಹಣೆಗೆ ವರ್ಷಕ್ಕೆ 4,000ದಂತೆ 12,000. ಒಟ್ಟು 2,66,880 ಡಾಲರ್. ಮಾರುವಾಗ ಶೇ. 5 ಕಮಿಷನ್ ಹೋಗುತ್ತದೆಂದರೆ, ಅಸಲು ಕೈಗೆ ಬರಲು ಕಾರು ಸುಮಾರು 2,80,900 ಡಾಲರಿಗೆ ಮಾರಾಟವಾಗಬೇಕು. ಇದು ಸೂಚಿತ ಬೆಲೆಗಿಂತ ಶೇ. 87 ಹೆಚ್ಚು!

ಅದೇ ಕಾರನ್ನು ಸೂಚಿತ ಬೆಲೆಗೇ ಕೊಂಡವನಿಗೆ ಸುಮಾರು 2,13,900 ಡಾಲರ್ ಬಂದರೆ ಸಾಕು. ಇಬ್ಬರ ನಡುವಿನ ಅಂತರ ಸುಮಾರು 67,000. ಅಂದರೆ ಖರೀದಿಯ ದಿನ 50,000 ಆಗಿದ್ದ ಪ್ರೀಮಿಯಂ, ತೆರಿಗೆ, ಬಡ್ಡಿ ಮತ್ತು ಕಮಿಷನ್ ಹೊತ್ತು ಮೂರು ವರ್ಷಗಳಲ್ಲಿ 67,000 ಆಗುತ್ತದೆ. ಮರುಮಾರಾಟದ ಮಾತನಾಡುವವರು ಸಾಮಾನ್ಯವಾಗಿ ಮರೆಯುವುದು ಇದನ್ನೇ.

ಇನ್ನೊಂದು ಅಂಶವನ್ನೂ ಗಮನಿಸತಕ್ಕದ್ದು. ಅಮೆರಿಕದ ಆದಾಯ ತೆರಿಗೆಯಲ್ಲಿ ಸ್ವಂತ ಬಳಕೆಯ ಕಾರನ್ನು ಲಾಭಕ್ಕೆ ಮಾರಿದರೆ ಆ ಲಾಭ ತೆರಿಗೆಗೆ ಒಳಪಡುತ್ತದೆ. ನಷ್ಟಕ್ಕೆ ಮಾರಿದರೆ ಅದನ್ನು ಕಳೆಯಲು ಅವಕಾಶವಿಲ್ಲ. ಲಾಭದಲ್ಲಿ ಸರ್ಕಾರ ಪಾಲುದಾರ, ನಷ್ಟದಲ್ಲಿ ನಾವೊಬ್ಬರೇ.

ಅಭಾವದ ಕೀಲಿಕೈ ಯಾರ ಬಳಿ?

ಪ್ರೀಮಿಯಂ ನಿಂತಿರುವುದು ಅಭಾವದ ಮೇಲೆ. ಆ ಅಭಾವವು ಕೊಂಡವನ ಕೈಯಲ್ಲಾಗಲಿ, ಡೀಲರನ ಕೈಯಲ್ಲಾಗಲಿ ಇಲ್ಲ, ತಯಾರಕನ ಕೈಯಲ್ಲಿದೆ. ಇದಕ್ಕೆ ಪೋರ್ಷೆ ಕಂಪನಿಯ 911 ಆರ್ ಉತ್ತಮ ನಿದರ್ಶನ. 2016ರಲ್ಲಿ ಬಂದ ಈ ಕಾರು ತಯಾರಾದದ್ದು 991 ಮಾತ್ರ. ಅಮೆರಿಕದಲ್ಲಿ ಸೂಚಿತ ಬೆಲೆ ಸುಮಾರು 1,85,000 ಡಾಲರ್. ಅಂದಿನ ಜಿಟಿ3 ಮಾದರಿಯಲ್ಲಿ ಸ್ವಯಂಚಾಲಿತ ಗೇರು ಮಾತ್ರ ಇದ್ದುದರಿಂದ, ಕೈಯಿಂದ ಗೇರು ಬದಲಿಸುವ ಈ ಕಾರಿಗೆ ರಸಿಕರು ಮುಗಿಬಿದ್ದರು. ಮರುಮಾರಾಟದಲ್ಲಿ ಮೂಲ ಬೆಲೆಯ ಎರಡು, ಮೂರು ಪಟ್ಟು ಕೇಳಲಾಯಿತು. 2017ರಲ್ಲಿ ಕಂಪನಿಯು ಜಿಟಿ3 ಕಾರಿನಲ್ಲಿಯೇ ಕೈಗೇರಿನ ಆಯ್ಕೆ ನೀಡಿತು. ಅದೇ ವರ್ಷ ಹಿಂಬದಿಯ ದೊಡ್ಡ ರೆಕ್ಕೆಯಿಲ್ಲದ 'ಟೂರಿಂಗ್' ರೂಪವನ್ನೂ ಸುಮಾರು 1,44,000 ಡಾಲರ್ ಬೆಲೆಗೆ ತಂದಿತು. 911 ಆರ್ ಬೆಲೆ ಗಣನೀಯವಾಗಿ ಇಳಿಯಿತು. ಸೂಚಿತ ಬೆಲೆಗೆ ಕೊಂಡವರು ಆಗಲೂ ಲಾಭದಲ್ಲಿಯೇ ಇದ್ದರು. ಶಿಖರದಲ್ಲಿ ಪ್ರೀಮಿಯಂ ತೆತ್ತು ಕೊಂಡವರು ಕೈಸುಟ್ಟುಕೊಂಡರು. ತಯಾರಾದ ಸಂಖ್ಯೆ 991ರಲ್ಲಿಯೇ ಇತ್ತು. ಬದಲಾದದ್ದು ಅದರ ಬದಲಿ ವಸ್ತುವಿನ ಲಭ್ಯತೆ.

ಇನ್ನೂ ಹಿಂದಕ್ಕೆ ಹೋದರೆ ಬ್ರಿಟನ್ನಿನ ಜಾಗ್ವಾರ್ ಎಕ್ಸ್‌ಜೆ220 ಸಿಗುತ್ತದೆ. 1989ರಲ್ಲಿ ತೆರಿಗೆ ಹೊರತಾಗಿ 2,90,000 ಪೌಂಡ್ ಎಂದು ಬೆಲೆ ಘೋಷಿಸಿ, 350 ಕಾರುಗಳಿಗೆ ತಲಾ 50,000 ಪೌಂಡ್ ಮುಂಗಡ ಪಡೆಯಲಾಯಿತು. ಬುಕ್ಕಿಂಗನ್ನೇ ಲಾಭಕ್ಕೆ ಮಾರಬಹುದೆಂದು ಹಣ ಕಟ್ಟಿದವರೂ ಅವರಲ್ಲಿದ್ದರು. 1992ರಲ್ಲಿ ಕಾರು ಕೈಗೆ ಬರುವ ವೇಳೆಗೆ ಆರ್ಥಿಕ ಹಿಂಜರಿತ ಆವರಿಸಿತ್ತು. ಕರಾರಿನಲ್ಲಿದ್ದ ಸೂಚ್ಯಂಕದ ಷರತ್ತಿನಿಂದ ಬೆಲೆಯು 4,70,000 ಪೌಂಡಿಗೆ ಏರಿತ್ತು. ಹೇಳಿದ್ದ ಹನ್ನೆರಡು ಸಿಲಿಂಡರಿನ ಎಂಜಿನ್ನಿಗೆ ಬದಲಾಗಿ ಆರು ಸಿಲಿಂಡರಿನದು ಬಂದಿತ್ತು. ಅನೇಕರು ಕರಾರಿನಿಂದ ಹೊರಬರಲು ನ್ಯಾಯಾಲಯದ ಮೆಟ್ಟಿಲೇರಿದರು. ಕೊನೆಗೆ 300ಕ್ಕೂ ಕಡಿಮೆ ಕಾರುಗಳು ತಯಾರಾದವು.

ಈ ಪಾಠ ನಮಗೆ ಹೊಸದೇನೂ ಅಲ್ಲ. ಲೈಸೆನ್ಸ್ ಕಾಲದಲ್ಲಿ ಬಜಾಜ್ ಸ್ಕೂಟರಿಗಾಗಿ ವರ್ಷಗಟ್ಟಲೆ ಕಾದವರು ನಮ್ಮ ಹಿರಿಯರಲ್ಲಿ ಬಹಳಷ್ಟು ಮಂದಿ ಇದ್ದಾರೆ. ಹಂಚಿಕೆ ಬಂದ ದಿನವೇ ಸ್ಕೂಟರನ್ನು ಪ್ರೀಮಿಯಂ ಬೆಲೆಗೆ ಮಾರಿದವರೂ ಇದ್ದರು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರಿಗೂ ಇದೇ ಗತಿಯಾಯಿತು. ಉತ್ಪಾದನೆ ಹೆಚ್ಚಿ ಪೈಪೋಟಿ ಬಂದೊಡನೆ ಆ ಪ್ರೀಮಿಯಂ ಸದ್ದಿಲ್ಲದೆ ಕರಗಿಹೋಯಿತು.

ಮಾರುವ ಹಕ್ಕಿಗೂ ಕಡಿವಾಣ

ಪ್ರೀಮಿಯಂ ವಸೂಲಾಗಬೇಕಾದರೆ ಮಾರುವ ಸ್ವಾತಂತ್ರ್ಯವಿರಬೇಕು. ಈಚಿನ ವರ್ಷಗಳಲ್ಲಿ ತಯಾರಕರು ಅದಕ್ಕೂ ಷರತ್ತು ಹಾಕತೊಡಗಿದ್ದಾರೆ. 2017ರ ಫೋರ್ಡ್ ಜಿಟಿ ಕಾರನ್ನು ಅರ್ಜಿ ಕರೆದು, ಆಯ್ದವರಿಗೆ ಮಾತ್ರ ಮಾರಲಾಯಿತು. ಎರಡು ವರ್ಷ ಮಾರಬಾರದೆಂಬ ಕರಾರು ಇತ್ತು. ಕುಸ್ತಿಪಟು ಹಾಗೂ ನಟ ಜಾನ್ ಸೀನಾ ಅದಕ್ಕೆ ಮೊದಲೇ ಕಾರನ್ನು ಮಾರಿದಾಗ ಕಂಪನಿಯು 2017ರ ನವೆಂಬರಿನಲ್ಲಿ ಮೊಕದ್ದಮೆ ಹೂಡಿತು. 2018ರಲ್ಲಿ ರಾಜಿಯಾಯಿತು, ಅವರು ತೆತ್ತ ಹಣವನ್ನು ದತ್ತಿಗೆ ನೀಡಲಾಯಿತು. 2022ರಲ್ಲಿ ಜನರಲ್ ಮೋಟರ್ಸ್, ಹೊಸ ಕಾರ್ವೆಟ್ ಝೀ06 ಮುಂತಾದ ಮಾದರಿಗಳನ್ನು ಹನ್ನೆರಡು ತಿಂಗಳೊಳಗೆ ಮಾರಿದರೆ ವಾರಂಟಿಯನ್ನು ಎರಡನೆಯ ಮಾಲೀಕನಿಗೆ ವರ್ಗಾಯಿಸಲಾಗದು ಎಂದು ಪ್ರಕಟಿಸಿತು. ವಾರಂಟಿಯಿಲ್ಲದ ದುಬಾರಿ ಕಾರಿಗೆ ಬೆಲೆ ಕುಗ್ಗುವುದು ಸಹಜ. ಮಾರಲು ಒಳ್ಳೆಯ ಬೆಲೆ ಸಿಗುವ ಮೊದಲ ತಿಂಗಳುಗಳಲ್ಲೇ ಮಾರಾಟದ ಬಾಗಿಲು ಹೀಗೆ ಮುಚ್ಚಿರುತ್ತದೆ.

ಪ್ರೀಮಿಯಂ ತೆತ್ತವರೆಲ್ಲ ನಷ್ಟ ಹೊಂದಿದರೆಂದು ಹೇಳಲಾಗದು. 2005-06ರ ಹಳೆಯ ಫೋರ್ಡ್ ಜಿಟಿ ಸುಮಾರು 4,000 ಮಾತ್ರ ತಯಾರಾಗಿದ್ದು, ಆಗ ಸುಮಾರು ಒಂದೂವರೆ ಲಕ್ಷ ಡಾಲರ್ ಸೂಚಿತ ಬೆಲೆಯಿದ್ದ ಆ ಕಾರಿಗೆ ಹತ್ತು ಹದಿನೈದು ವರ್ಷಗಳ ತರುವಾಯ ಅದರ ಎರಡು ಪಟ್ಟು ಹಾಗೂ ಮಿಗಿಲಾದ ಬೆಲೆ ಬಂದಿತು. ಆದರೆ ಅದು ದೀರ್ಘಕಾಲ ಇಟ್ಟುಕೊಳ್ಳುವ ತಾಳ್ಮೆ ಮತ್ತು ಶಕ್ತಿ ಇದ್ದವರಿಗೆ ಸಂದ ಫಲ.

ತಯಾರಕ ಮಿತ್ರರಿಗೆ ಒಂದು ಮಾತು

ನಮ್ಮ ಸಣ್ಣ ಕೈಗಾರಿಕೋದ್ಯಮಿಗಳು ಈ ವಿಷಯವನ್ನು ಮತ್ತೊಂದು ಬದಿಯಿಂದಲೂ ನೋಡಬೇಕು. ನಿಮ್ಮ ಸರಕಿಗೆ ಅಭಾವ ಉಂಟಾದಾಗ ಏಜೆಂಟನು ಹೆಚ್ಚಿನ ಬೆಲೆ ವಸೂಲು ಮಾಡಿದರೆ, ಹಣ ಅವನ ಗಲ್ಲಾಪೆಟ್ಟಿಗೆಗೆ, ಕೆಟ್ಟ ಹೆಸರು ನಿಮ್ಮ ಕಂಪನಿಗೆ. ಇದನ್ನರಿತ ಡಾಡ್ಜ್ ಕಂಪನಿಯು 2018ರ 'ಡೀಮನ್' ಕಾರಿನ ವಿಷಯದಲ್ಲಿ ಒಂದು ಸರಳ ಉಪಾಯ ಮಾಡಿತು. ಒಟ್ಟು 3,300 ಕಾರುಗಳಲ್ಲಿ, ಸೂಚಿತ ಬೆಲೆಗೆ ಅಥವಾ ಅದಕ್ಕಿಂತ ಕಡಿಮೆಗೆ ಮಾರಿದ ಆರ್ಡರುಗಳನ್ನು ಮೊದಲು ತಯಾರಿಸಲಾಗುವುದೆಂದು ಘೋಷಿಸಿತು. ಬೆಲೆಯನ್ನು ನಿರ್ಬಂಧಿಸದೆ, ಸರದಿಯನ್ನು ಮಾತ್ರ ತನ್ನ ಕೈಯಲ್ಲಿಟ್ಟುಕೊಂಡಿತು. ಹಬ್ಬದ ಕಾಲದಲ್ಲಿ ಸರಬರಾಜು ಸಾಲದೆ ಪರದಾಡುವ ತಯಾರಕರು ಇದನ್ನು ಯೋಚಿಸಬಹುದು.

ಉಪಸಂಹಾರ

ಹಾಗಾದರೆ ವರ್ತಕರ ಪ್ರಶ್ನೆಗೆ ಉತ್ತರವೇನು? ಪುಸ್ತಕದಲ್ಲಿ ಪ್ರೀಮಿಯಂ ಸಹ ಖರೀದಿ ಬೆಲೆಯ ಭಾಗವೆಂದೇ ನಮೂದಾಗುತ್ತದೆ. ಆದರೆ ನಿರ್ಧಾರ ಕೈಗೊಳ್ಳುವಾಗ ಅದನ್ನು ಖರೀದಿಯ ದಿನವೇ ಖರ್ಚೆಂದು ಬರೆದುಬಿಡುವುದು ಕ್ಷೇಮ. ಮುಂದೆ ಮರಳಿ ಬಂದರೆ ಅದು ಭಾಗ್ಯ, ಬಾರದಿದ್ದರೆ ಆಘಾತವಿಲ್ಲ. ಯಾವುದೇ ಅಭಾವದ ಸರಕಿಗೆ ಹೆಚ್ಚಿನ ಹಣ ಕೊಡುವ ಮೊದಲು ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು:

1. ಸರಬರಾಜನ್ನು ನಾಳೆ ಹೆಚ್ಚಿಸುವ ಶಕ್ತಿ ಯಾರಿಗಿದೆ? ಇದೇ ಬಗೆಯ ಬದಲಿ ವಸ್ತು ಬರುವ ಸಾಧ್ಯತೆಯಿದೆಯೇ?

2. ಬಯಸಿದ ದಿನ ಮಾರಲು ಕರಾರು ಅಥವಾ ವಾರಂಟಿಯ ಅಡ್ಡಿಯಿದೆಯೇ?

3. ತೆರಿಗೆ, ಬಡ್ಡಿ, ಕಮಿಷನ್ ಸೇರಿಸಿದ ಮೇಲೆ ಅಸಲು ಬರಬೇಕಾದ ಬೆಲೆ ಎಷ್ಟು?

4. ಪ್ರೀಮಿಯಂ ಪೂರ್ತಿ ಹೋದರೂ ಈ ವಸ್ತು ನನಗೆ ಬೇಕೇ?

ವರ್ತಕರು ಈ ಪ್ರಶ್ನೆಗಳನ್ನು ಮಗನಿಗೆ ಬರೆದು ಕಳುಹಿಸಿದರು. ನಾಲ್ಕನೆಯದಕ್ಕೆ ಮಾತ್ರ ಉತ್ತರ ಬರೆಯಲು ಅವನಿಗೆ ಒಂದು ವಾರ ಹಿಡಿಯಿತಂತೆ. ಉತ್ತರ 'ಬೇಡ' ಎಂದಾಗಿತ್ತು.