ಆಲೆ ಮರವೂ ಚನ್ನಪಟ್ಟಣದ ಅರಗಿನ ಕಸಬೂ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಮಾರ್ಗದಲ್ಲಿರುವ ಚನ್ನಪಟ್ಟಣದ ಅರಗಿನ ಬೊಂಬೆಗಳು ಲೋಕಪ್ರಸಿದ್ಧವಾದವು. 2005–06ನೆಯ ಸಾಲಿನಲ್ಲಿ ಇವಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಆದರೆ ಈ ಕಸಬಿನ ಬೇರು ಪಟ್ಟಣದಲ್ಲಿಲ್ಲ. ಹಳ್ಳಿಗಳ ಬದುಗಳಲ್ಲಿ ಬೆಳೆಯುವ ಆಲೆ ಮರದಲ್ಲಿದೆ. ಇದನ್ನು ಕೆಲವೆಡೆ ಹಾಲೆ, ಬೆಪ್ಪಾಲೆ ಎಂದೂ ಕರೆಯುವರು.

ಆಲೆಯ ಮರ ದಂತದಂತೆ ಬಿಳುಪು, ನವುರಾದ ಎಳೆಯುಳ್ಳದ್ದು. ಕೆಲಸಗಾರರು ಅದನ್ನು ಚೆನ್ನಾಗಿ ಒಣಗಿಸಿ, ತುಂಡರಿಸಿ, ಲೇತಿನಲ್ಲಿ ಕಡೆಯುವರು. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜುವಿಕೆಯ ಬಿಸಿಯಿಂದಲೇ ಅರಗು ಕರಗಿ ಹತ್ತಿಕೊಳ್ಳುವುದು. ಅನಂತರ ಕೇದಗೆ ಜಾತಿಯ ಗಿಡದ ಎಲೆಯಿಂದ ತಿಕ್ಕಿ ಹೊಳಪು ಕೊಡುವರು. ಅರಗಾದರೂ ಮುತ್ತುಗ, ಬೋರೆ ಮೊದಲಾದ ಮರಗಳ ರೆಂಬೆಗಳ ಮೇಲಿನ ಕೀಟವು ಸ್ರವಿಸುವ ವಸ್ತು. ಅರಿಸಿನ, ನೀಲಿ ಮೊದಲಾದ ಸಸ್ಯಜನ್ಯ ಬಣ್ಣಗಳನ್ನೇ ಬಳಸಿದಲ್ಲಿ, ಮುರಿದ ಬೊಂಬೆಯು ಪ್ಲಾಸ್ಟಿಕ್ಕಿನಂತೆ ನೆಲವನ್ನು ಕೆಡಿಸದೆ ಮಣ್ಣಿನಲ್ಲಿ ಮಣ್ಣಾಗುವುದು.

ಈ ಒಳ್ಳೆಯ ಗುಣವೆಲ್ಲವೂ ಮರದ ಪೂರೈಕೆಯನ್ನು ಅವಲಂಬಿಸಿದೆ. ಕಡಿಯುವುದೇ ಆಗಿ ನೆಡುವುದು ನಿಂತುಹೋದರೆ, ಪ್ರಕೃತಿಗೆ ಹಿತವೆನಿಸಿದ ಕಸಬೇ ಮರಗಳ ನಾಶಕ್ಕೆ ಕಾರಣವಾದೀತು. ಆಲೆಗೆ ಬದಲಾಗಿ ರಬ್ಬರ್ ಮರವನ್ನು ದೂರದಿಂದ ತರಿಸಬಹುದಾದರೂ, ಅದಕ್ಕೆ ಬೇಗನೆ ಹುಳುವೂ ಬೂಷ್ಟೂ ಹಿಡಿಯುವುದರಿಂದ ರಾಸಾಯನಿಕ ಉಪಚಾರ ಅವಶ್ಯವಾಗುವುದು.

ಆಲೆಯ ಬೇಸಾಯ ಕಷ್ಟವಾದುದಲ್ಲ. ಕಲ್ಲುಭೂಮಿಯಲ್ಲಿಯೂ ಮಳೆ ಕಡಮೆಯಾದ ಸೀಮೆಯಲ್ಲಿಯೂ ಇದು ಬೆಳೆಯುವುದು. ತುದಿ ಕೂಡಿಕೊಂಡಿರುವ ಇದರ ಜೋಡಿಕಾಯಿಗಳು ಬಲಿತು ಒಡೆದರೆ, ರೇಷ್ಮೆಯಂಥ ಕುಚ್ಚುಳ್ಳ ಬೀಜಗಳು ಗಾಳಿಗೆ ಹಾರಿಹೋಗುವುವು. ಆದುದರಿಂದ ಒಡೆಯುವ ಮುನ್ನವೇ ಕಾಯಿಗಳನ್ನು ಕೊಯ್ದು ನೆರಳಿನಲ್ಲಿ ಒಣಗಿಸಿ, ಬೀಜ ಕೂಡಿಸಿ, ಮಡಿಯಲ್ಲಿ ಸಸಿ ಮಾಡಿಕೊಂಡು, ಮುಂಗಾರು ಹಿಡಿದೊಡನೆ ಬದುಗಳಲ್ಲಿ ನೆಡತಕ್ಕದ್ದು.

ಮರವನ್ನು ಬೇರುಸಹಿತ ಕೀಳಬಾರದು. ನೆಲದಿಂದ ಒಂದು ಗೇಣು ಬಿಟ್ಟು, ನೀರು ನಿಲ್ಲದಂತೆ ಓರೆಯಾಗಿ ಕೊಯ್ದಲ್ಲಿ ಮೋಟು ಮತ್ತೆ ಚಿಗುರುವುದು. ನೆಟ್ಟಗಿರುವ ಎರಡು ಮೂರು ಚಿಗುರುಗಳನ್ನು ಉಳಿಸಿ ಮಿಕ್ಕವನ್ನು ಸವರಿ, ಆಡುಕುರಿಗಳು ಮೇಯದಂತೆ ಕಾಪಾಡಿದರೆ ಅದೇ ಬುಡದಿಂದ ಪುನಃ ಮರ ದೊರೆಯುವುದು. ಕಡಿಯುವ ಮೊದಲು, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಅನುಮತಿ ಬೇಕೇ ಎಂಬುದನ್ನು ಅರಣ್ಯಾಧಿಕಾರಿಗಳಲ್ಲಿ ವಿಚಾರಿಸಿಕೊಳ್ಳುವುದು ಲೇಸು.

ಕೆಲಸಕ್ಕೆ ಬರುವ ಆಲೆಯನ್ನು ಸೌದೆಯ ರಾಶಿಗೆ ಸೇರಿಸದೆ ಕಸಬುದಾರರಿಗೆ ಒದಗಿಸುವುದು ಇಬ್ಬರಿಗೂ ಲಾಭಕರ. ಗ್ರಾಮದ ಮುಖ್ಯಸ್ಥರು ಗುಂಡುತೋಪುಗಳಲ್ಲಿಯೂ ಭೂಮಾಲೀಕರು ತಮ್ಮ ಬದುಗಳಲ್ಲಿಯೂ ಈ ಮುಂಗಾರಿನಲ್ಲಿಯೇ ಕೆಲವು ಸಸಿಗಳನ್ನಾದರೂ ನೆಡಿಸಿದರೆ, ಮುಂದಿನ ತಲೆಮಾರಿನ ಕೆಲಸಗಾರರ ಕೈಗೆ ಮರವೂ ಮನೆಗೆ ಅನ್ನವೂ ಉಳಿಯುವುವು.